ಕಿಟೆಲ್ ಕೋಶದ ಗುರುತುಗಳನ್ನು ಅಳಿಸಬೇಡಿ

ಮಾನ್ಯ ಸಂಪಾದಕರೇ,

ಕಿಟೆಲ್ ನಿಘಂಟನ್ನು ಕಂಪ್ಯೂಟರಿಗೆ ಏರಿಸುವವರಿಗೆ ಒಂದು ಮಾತು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದರು, 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು, ಅದರಲ್ಲಿ 70 ಸಾವಿರದಷ್ಟು ಪದಗಳಿವೆ. ಇಷ್ಟು ಹೇಳಿ ಎಲ್ಲರೂ ಕೈ ಮುಗಿಯುತ್ತಾರೆ. ನಡುವಿನ ಕೆಲಸ ಯಾರಿಗೂ ಬೇಡ. 1872ರಲ್ಲಿ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ ಸಂಪಾದಿಸಿ, ಹಳಗನ್ನಡ ವ್ಯಾಕರಣದಲ್ಲಿ ಪಳಗಿದ ಕೈಯಿಂದ ಬಂದ ಕೋಶವಿದು. ಕಿಟೆಲ್ ಹುಟ್ಟಿದ 1832ರಲ್ಲೇ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದಿತ್ತು; ಎರಡನ್ನೂ ಪಕ್ಕಪಕ್ಕ ಬಿಡಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಆ ವ್ಯತ್ಯಾಸ ಅಡಗಿರುವುದು ಎರಡು ಮೂರು ಅಕ್ಷರಗಳ ಸಂಕ್ಷೇಪಗಳಲ್ಲಿ. ಪದ ಮೈಸೂರು ಸೀಮೆಯದೋ ಧಾರವಾಡದ ಕಡೆಯದೋ, ತದ್ಭವವೋ, ಗಾದೆಯಲ್ಲಿ ಸಿಕ್ಕಿದ್ದೋ, ಕೇಶಿರಾಜ ಹೇಳಿದ್ದೋ ಎಂಬುದಕ್ಕೆಲ್ಲ ಗುರುತಿದೆ. ತಮಿಳು, ತೆಲುಗು, ತುಳು ರೂಪಗಳೂ ಅಲ್ಲೇ ಇವೆ. ಕೋಶವನ್ನು ಕಂಪ್ಯೂಟರಿಗೆ ಏರಿಸುವ ಹಲವರು ‘ಓದಲು ಅಡ್ಡಿ’ ಎಂದು ಮೊದಲು ಕಿತ್ತು ಹಾಕುವುದು ಇವನ್ನೇ. ಉಳಿಯುವುದು ಬರಿಯ ಅರ್ಥಪಟ್ಟಿ. ಅದಕ್ಕೆ ಕಿಟೆಲ್ ಏಕೆ ಬೇಕು?

ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಹಳಗನ್ನಡದ ಱ, ೞ ಅಕ್ಷರಗಳಿಗೆ. ಸ್ಕ್ಯಾನ್ ಮಾಡಿದ ಪುಟವನ್ನು ಓದುವ ತಂತ್ರಾಂಶಕ್ಕೆ ಇವುಗಳ ಪರಿಚಯ ಸಾಲದು. ಟೈಪಿಸುವವರೂ ಹೊಸಗನ್ನಡದ ರೂಢಿಯಂತೆ ರ, ಳ ಹಾಕಿಬಿಡುತ್ತಾರೆ. ಆಗ ಬದುಕು ಎಂಬರ್ಥದ ಬಾೞ್, ಕತ್ತಿ ಎಂಬರ್ಥದ ಬಾಳ್ ಒಂದೇ ಆಗುತ್ತವೆ. ತಿಳಿ ಎನ್ನುವ ಅಱಿ, ಕತ್ತರಿಸು ಎನ್ನುವ ಅರಿಯೊಳಗೆ ಸೇರಿಹೋಗುತ್ತದೆ. ಒಮ್ಮೆ ಬೆರೆತದ್ದನ್ನು ಯಂತ್ರದಿಂದ ಬಿಡಿಸಲಾಗದು, ಮತ್ತೆ ಅಚ್ಚುಪುಟಕ್ಕೇ ಹೋಗಬೇಕು. ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಎರಡೂ ಅಕ್ಷರಗಳಿರುವಾಗ ‘ಅಕ್ಷರವೇ ಇಲ್ಲ’ ಎನ್ನುವುದು ನೆಪ ಅಷ್ಟೆ.

ಉಪಾಯ ಕಷ್ಟದ್ದಲ್ಲ. ಕಿಟೆಲ್ ಕೊಟ್ಟ ಕಾಗುಣಿತಕ್ಕೆ ಒಂದು ಕಾಲಂ, ಹುಡುಕಲೆಂದು ಇಂದಿನ ಕಾಗುಣಿತಕ್ಕೆ ಇನ್ನೊಂದು ಕಾಲಂ ಇರಲಿ. ಪದದ ಪಕ್ಕದ ರೋಮನ್ ಲಿಪ್ಯಂತರವನ್ನೂ ಟೈಪಿಸಿಕೊಂಡು ತಾಳೆ ನೋಡಿದರೆ ರ–ಱ, ಳ–ೞ ತಪ್ಪುಗಳು ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಒಂದೇ ರೂಪದ ಬೇರೆ ಬೇರೆ ಪದಗಳಿಗೆ ಹಾಕಿದ 1, 2 ಅಂಕಿಗಳನ್ನು ಬಿಡಬಾರದು. ‘ಇಂಥ ಪದ ನೋಡಿ’ ಎಂಬ ಸೂಚನೆಗಳು ಆ ಅಂಕಿಗಳನ್ನೇ ಹಿಡಿದು ಹೋಗುತ್ತವೆ. ಹಕಾರದಲ್ಲಿ ಹುಡುಕುವವರನ್ನು ಎಷ್ಟೋ ಕಡೆ ಪಕಾರದ ಹಳೆಯ ರೂಪಕ್ಕೆ ಕಳಿಸುವ ಕೋಶವಾದ್ದರಿಂದ ಅಂಕಿ ತಪ್ಪಿದರೆ ದಾರಿಯೇ ತಪ್ಪುತ್ತದೆ.

ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಇದೇ ಕೋಶದ ನಾಲ್ಕು ಸಂಪುಟಗಳನ್ನು 1894ರ ಪಠ್ಯದ ಜೊತೆ ಕಲಸುವುದೂ ಬೇಡ. ಯಾವ ಮಾತು ಯಾರದೆಂದು ಆಮೇಲೆ ಹೇಳುವವರಿರುವುದಿಲ್ಲ.

– ಓದುಗರು