ಬಂದರಿನ ಪೈಲಟ್ ಆಗಲು ಹೊರಟ ಅಣ್ಣನ ಮಗಳಿಗೆ

ನವನಗರ, ಬಾಗಲಕೋಟೆ
ಸಂಕ್ರಮಣದ ಮರುದಿನ

ಮಗಳೇ, ನಿನಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನೆ ಮನೆಮಂದಿಯೆಲ್ಲ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು ಬಂದೆವು. ಸಜ್ಜಿ ರೊಟ್ಟಿ ಮುರಿಯುವಾಗ ನಿನ್ನ ಕಾಕು ನಿನ್ನನ್ನು ನೆನೆಸಿದಳು. ಊಟವಾದ ಮೇಲೆ ನಿಮ್ಮಪ್ಪ ನನ್ನನ್ನು ಒತ್ತಟ್ಟಿಗೆ ಕರೆದು, “ನೀ ಮೂವತ್ತು ವರ್ಷ ಆ ಹಗ್ಗದ ಏಣಿ ಹತ್ತಿದ್ದು ಸಾಲಲಿಲ್ಲೇನೋ ತಮ್ಮಾ? ನನ್ನ ಮಗಳನ್ನೂ ಅದಕ್ಕ ಹಚ್ಚಿದೆಲ್ಲೋ” ಎಂದ. ಸಿಟ್ಟಿನಿಂದ ಅಂದದ್ದಲ್ಲ, ಅಂಜಿಕೆಯಿಂದ ಅಂದದ್ದು. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಗಾಗೆದ್ದು ನಿನಗೆ ಬರೆಯಲು ಕೂತಿದ್ದೇನೆ.

ಹತ್ತು ವರ್ಷ ಹಡಗಿನಲ್ಲಿ ದುಡಿದವಳು ನೀನು. ದಿಕ್ಕು, ನಕಾಶೆ, ರಡಾರ್ ನಿನಗೆ ನಾನು ಕಲಿಸಬೇಕಾಗಿಲ್ಲ. ಆದರೆ ಇಷ್ಟು ದಿನ ಬಂದರಿನೊಳಗೆ ದಾರಿ ತೋರಿಸಲು ಪೈಲಟ್ ಹಗ್ಗದ ಏಣಿಯಿಂದ ಹಡಗು ಹತ್ತಿದ ಕೂಡಲೇ, ಹಡಗು ನಡೆಸುವ ಕೋಣೆಯಾದ ಬ್ರಿಜ್ ಮೇಲೆ ಎಲ್ಲರೂ ಉಸಿರು ಬಿಡುತ್ತಿದ್ದಿರಲ್ಲ, ನೀನೂ ಅವರಲ್ಲಿ ಒಬ್ಬಳಾಗಿದ್ದೆ. ಇನ್ನು ಮುಂದೆ ನಿನ್ನನ್ನು ನೋಡಿ ಅವರು ಉಸಿರು ಬಿಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದಲೇ. ಈ ಒಂದು ಮಾತು ತಿಳಿಸಲಿಕ್ಕೆ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಹಳೇ ಊರನ್ನು ನೀನು ನೋಡಿಲ್ಲ. ನೀನು ಹುಟ್ಟುವ ಹೊತ್ತಿಗೆ ಮುಳುಗಡೆಯ ನೋಟೀಸು ಬಂದು, ಜನ ಪುನರ್ವಸತಿ ಕೇಂದ್ರಕ್ಕೆ ಸಾಮಾನು ಹೇರುತ್ತಿದ್ದರು. ಈಗ ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಅಲ್ಲಿ ನಿಂತು ನೋಡಿದರೆ ಬರೀ ನೀರು, ಸಪಾಟಾಗಿ, ಕಣ್ಣು ಹಾಯುವಷ್ಟು. ಅದರ ಕೆಳಗೆ ನಮ್ಮ ಓಣಿ, ಕಟ್ಟೆ, ಗುಡಿ ಎಲ್ಲ ಇವೆ. ಗೊತ್ತಿಲ್ಲದವರು ದೋಣಿ ಬಿಟ್ಟರೆ ಎಲ್ಲಿ ತಳ ತಾಗೀತೆಂದು ಹೇಳಲಾಗದು. ಬಂದರಿನ ಬಾಯಿ ಕೂಡ ಹಾಗೆಯೇ. ಮಂಗಳೂರಿನ ಪಣಂಬೂರಿನಲ್ಲಿ ಹೊರಗೆ ನಿಂತ ಹಡಗಿನಿಂದ ನೋಡಿದರೆ ದಾರಿಯೇ ಕಾಣದು, ಎಲ್ಲಾ ಸಮುದ್ರ. ಆದರೆ ನೆಲ ಅಗೆದು ಮಾಡಿದ ಆ ಬಂದರಿಗೆ ಹೋಗುವ ಹಾದಿ ಹೂಳೆತ್ತಿ ಕಾಪಾಡಿದ ಒಂದು ಪಟ್ಟಿ ಮಾತ್ರ. ಉದ್ದ ಸುಮಾರು ಏಳೂವರೆ ಕಿ.ಮೀ., ಆಳ ಸುಮಾರು 15 ಮೀಟರ್. ಆ ಪಟ್ಟಿಯ ಆಚೀಚೆ ನೀರು ಇದ್ದೂ ಇಲ್ಲದಂತೆ.

ಆ ಊರಿನ ಅಂಬಿಗನ ಮಾತು ಹೇಳಬೇಕು. ನಾನು ಆರನೇ ಇಯತ್ತೆಯಲ್ಲಿದ್ದೆ. ಕೃಷ್ಣೆ ತುಂಬಿ ಹರಿಯುವ ಶ್ರಾವಣ. ಹರಿಗೋಲಿನಲ್ಲಿ ನಿಮ್ಮ ಆಯಿ, ನಾನು, ಎರಡು ಕುರಿ, ಸಂತೆಗೆ ಹೊರಟ ಏಳೆಂಟು ಹೆಣ್ಣುಮಕ್ಕಳು. ಹುಟ್ಟು ಹಾಕುವ ಮೊದಲು ಅವನು ಎಲ್ಲರಿಗೂ ಆಚೆ ದಂಡೆ ತೋರಿಸಿ ಹೇಳಿದ: “ಆ ಬೇವಿನ ಗಿಡ ಗುಡಿ ಹಿಂದ ಅಡಗಿ ನಿಂತೈತಿ, ನೋಡ್ರಿ. ಅದು ಹಂಗ ಅಡಗೇ ಇರಬೇಕು. ಒಂದೀಟು ಹೊರಗ ಕಂಡರೂ ಒದರ್ರಿ.” ನಡು ಹೊಳೆಯಲ್ಲಿ ಸೆಳವು ಎಳೆಯತೊಡಗಿದಾಗ ಅವನು ತಲೆ ತಗ್ಗಿಸಿ ಹುಟ್ಟು ಹಾಕುತ್ತಿದ್ದ. ಮೊದಲು ನೋಡಿದವಳು ಕಡೆಗೆ ಕೂತಿದ್ದ ಒಬ್ಬ ಹುಡುಗಿ. “ಗಿಡ ಕಾಣಾಕ್ಹತ್ತೈತಿ!” ಎಂದು ಚೀರಿದಳು. ಅವನು ಬೈಯಲಿಲ್ಲ. “ಶಾಣ್ಯಾ ಅದಿ ಯವ್ವಾ” ಎಂದು ಹರಿಗೋಲನ್ನು ಮೇಲ್ಮೊಗಕ್ಕೆ ತಿರುಗಿಸಿದ. ಮುಂದೆ ನಾನು ಸಾವಿರಾರು ಸಲ ದಂಡೆಯ ಮೇಲಿನ ಮುಂದೊಂದು ಹಿಂದೊಂದು ದೀಪವನ್ನು ಒಂದೇ ಸಾಲಿಗೆ ಕೂಡಿಸಿ ಹಡಗು ತಂದಿದ್ದೇನೆ. ಆ ವಿದ್ಯೆ ಅಂಬಿಗನದೇ. ಆದರೆ ಗುರುತನ್ನು ಎಲ್ಲರಿಗೂ ಹೇಳಿಟ್ಟಿದ್ದನಲ್ಲ, ಅದು ಅವನ ಹೆಚ್ಚಿನ ವಿದ್ಯೆ. ಅದನ್ನು ಕಲಿಯಲು ನನಗೆ ಒಂದು ಪೆಟ್ಟು ಬೇಕಾಯಿತು.

ಮನೆಯಲ್ಲಿ ಯಾರಿಗೂ ಹೇಳಿರದ ಸಂಗತಿ ಅದು. ಪಶ್ಚಿಮ ಕರಾವಳಿಯ ಒಂದು ಬಂದರು. ನಾನು ಪೈಲಟ್ ಆಗಿ ಆರನೇ ವರ್ಷ. ರಾತ್ರಿ ಎರಡರ ಸುಮಾರು ಕಲ್ಲಿದ್ದಲು ಹೊತ್ತ ಹಡಗು ಒಳಗೆ ತರುತ್ತಿದ್ದೆ. ಅಡ್ಡ ಅಲೆ ಇತ್ತು. ಕ್ಯಾಪ್ಟನ್ ಹಿಂದೆ ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದ. ಥರ್ಡ್ ಆಫೀಸರ್ ಒಬ್ಬ ಎಳೆಯ ಹುಡುಗ, ರಡಾರ್ ಹತ್ತಿರ ನಿಂತವನು ಮೆಲ್ಲಗೆ ಹೇಳಿದ: “ಪೈಲಟ್ ಸರ್, ಬಲಗಡೆ ಹಸಿರು ಬೋಯಾ ಬಹಳ ಹತ್ತಿರ ಬರ್ತಿದೆ.” ಹಾದಿಯ ಅಂಚು ತೋರಿಸುವ ತೇಲು ಗುರುತು ಅದು. ನಾನು ಹೊರಳಿಯೂ ನೋಡದೆ “ನೋಡಿದ್ದೇನೆ, ಸುಮ್ಮನಿರು” ಎಂದೆ. ನೋಡಿದ್ದು ಅದನ್ನಲ್ಲ, ಅದರ ಮುಂದಿನದನ್ನು. ಎರಡು ಮೂರು ನಿಮಿಷದಲ್ಲಿ ಕಾಲಡಿಯ ನೆಲ ಸಣ್ಣಗೆ ನಡುಗಿತು. ಏಳು ನಾಟ್ ಇದ್ದ ವೇಗ ನಾಲ್ಕಕ್ಕೆ ಇಳಿಯಿತು. ಹಿಂದೆ ದೀಪ ಬಿಟ್ಟು ನೋಡಿದರೆ ನೀರು ರಾಡಿಯಾಗಿ ಕುದಿಯುತ್ತಿತ್ತು. ತಳ ಕೆಸರಾಗಿದ್ದರಿಂದ ಬಚಾವಾದೆವು. ಹಡಗು ಎಳೆಯುವ ದೋಣಿ ಟಗ್ ಬಂದು ಅರ್ಧ ತಾಸಿನಲ್ಲಿ ಬಿಡಿಸಿತು, ಹಡಗಿಗೆ ಗೀರೂ ಆಗಲಿಲ್ಲ. ಧಕ್ಕೆಗೆ ಕಟ್ಟಿದ ಮೇಲೆ ಆ ಹುಡುಗನನ್ನು ಕೇಳಿದೆ: “ಮತ್ತೊಮ್ಮೆ ಯಾಕೆ ಹೇಳಲಿಲ್ಲಪ್ಪಾ?” ಅವನು ಕೈಕಟ್ಟಿ ನಿಂತು, “ನೋಡಿದ್ದೇನೆ ಅಂದಿರಲ್ಲ ಸರ್” ಎಂದ.

ಆವತ್ತಿನಿಂದ ಏಣಿ ಹತ್ತಿ ಬ್ರಿಜ್‌ಗೆ ಹೋದರೆ ನನ್ನ ಮೊದಲ ಮಾತು ಒಂದೇ: “ನಾನು ತಪ್ಪಿದೆ ಅನ್ನಿಸಿದರೆ ಯಾರಾದರೂ ಹೇಳಿ. ನಾನು ಉತ್ತರ ಕೊಡದಿದ್ದರೆ ಇನ್ನೂ ಜೋರಾಗಿ ಹೇಳಿ.” ನೀನೂ ಹೀಗೆ ಮಾಡು. ಕ್ಯಾಪ್ಟನ್ ಕೊಡುವ ಪೈಲಟ್ ಕಾರ್ಡ್ ಸಹಿ ಹಾಕಿ ಮಡಚಿಡುವ ಚೀಟಿ ಅಲ್ಲ. ಡ್ರಾಫ್ಟ್ ಎಷ್ಟು, ಅಂದರೆ ಹಡಗು ನೀರಿನೊಳಗೆ ಎಷ್ಟು ಮುಳುಗಿದೆ, ಎಂಜಿನ್ ಎಷ್ಟು ಹೊತ್ತಿಗೆ ಹಿಂದಕ್ಕೆ ತಿರುಗುತ್ತದೆ, ಏನು ಕೆಟ್ಟಿದೆ, ಬಾಯಿ ಬಿಟ್ಟು ಕೇಳು. ಎಲ್ಲಿ ತಿರುಗುತ್ತೇನೆ, ಟಗ್ ಎಲ್ಲಿ ಕಟ್ಟಿಸುತ್ತೇನೆ, ಯಾವ ಬೋಯಾ ದಾಟಿದ ಮೇಲೆ ಹಿಂದಿರುಗಲು ಬರುವುದಿಲ್ಲ ಎಂಬುದನ್ನು ನೀನು ಹೇಳು. ಪನಾಮಾ ಕಾಲುವೆಯಲ್ಲಿ ಹಡಗಿನ ಹತೋಟಿಯೇ ಪೈಲಟ್ ಕೈಗೆ ಹೋಗುತ್ತದೆ. ನಮ್ಮಲ್ಲಿ ಹಾಗಲ್ಲ, ಹೊಣೆ ಕ್ಯಾಪ್ಟನ್ ಹೆಗಲ ಮೇಲೆಯೇ ಇರುತ್ತದೆ. ಅವನಿಗೆ ಹಡಗು ಗೊತ್ತು, ನಿನಗೆ ನೀರು ಗೊತ್ತು. ಇಬ್ಬರೂ ಬಾಯಿ ಮುಚ್ಚಿದರೆ ಆ ಎರಡು ಅರಿವು ಕೂಡುವುದೇ ಇಲ್ಲ.

2007ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆದದ್ದು ಇದೇ. ಕಾಸ್ಕೋ ಬುಸಾನ್ ಎಂಬ ಹಡಗು, ದಟ್ಟ ಮಂಜು. ಪರದೆಯ ಮೇಲಿದ್ದ ಗುರುತುಗಳ ಅರ್ಥವೇನೆಂದು ಪೈಲಟ್ ಕ್ಯಾಪ್ಟನ್‌ನನ್ನು ಕೇಳಿದ. ಅರೆಬರೆ ಮಾತಾಯಿತು, ಅವನು ಒಂದು ತಿಳಿದ, ಇದ್ದದ್ದು ಇನ್ನೊಂದು. ಅವು ಸೇತುವೆಯ ಕಂಬದ ಬಳಿಯ ಬೋಯಾಗಳು. ಹಡಗು ಕಂಬದ ಕಟ್ಟೆಗೆ ಉಜ್ಜಿ, ಸುಮಾರು ಎರಡು ಲಕ್ಷ ಲೀಟರ್ ಎಣ್ಣೆ ಕೊಲ್ಲಿಗೆ ಚೆಲ್ಲಿತು. ಪೈಲಟ್ ನುಂಗುತ್ತಿದ್ದ ಔಷಧಿಗಳಿಂದ ಅವನ ಬುದ್ಧಿ ಮಂಕಾಗಿತ್ತು ಎಂದೂ ತನಿಖೆಯಲ್ಲಿ ಬಂತು. ನೆಗಡಿ ಜ್ವರಕ್ಕೆ ಗುಳಿಗೆ ತಗೊಂಡ ದಿನ, ನಿದ್ದೆ ಸಾಲದ ದಿನ ಡ್ಯೂಟಿ ಬೇಡ ಎಂದು ಹೇಳಲು ನಾಚಬೇಡ. ಹೆಣ್ಣುಮಗಳು ನೆಪ ಹೇಳುತ್ತಾಳೆ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಕೋಲ್ಕತ್ತಾದಲ್ಲಿ ರೇಷ್ಮಾ ನಿಲೋಫರ್ ನಾಹಾ 2018ರಲ್ಲಿ ನದಿ ಪೈಲಟ್ ಆದಳಲ್ಲ, ಹೂಗ್ಲಿಯಂಥ ನೀರಿನಲ್ಲಿ. ಸಮುದ್ರದಿಂದ ಊರಿಗೆ ಇನ್ನೂರು ಕಿ.ಮೀ.ಗಿಂತ ಹೆಚ್ಚು ದಾರಿ, ಇವತ್ತಿದ್ದ ಮರಳದಿಬ್ಬ ನಾಳೆ ಬೇರೆ ಕಡೆ. ಅವಳು ಹಾಕಿದ ಹೆಜ್ಜೆ ನಿನ್ನ ಮುಂದಿದೆ.

ವೇಗದ ಬಗ್ಗೆ ಹೇಳದೆ ಕೈಬಿಡಲಾರೆ. ಹಡಗು ನಡೆಯುವಾಗ ನೀರನ್ನು ತನ್ನಡಿಯಿಂದ ಹಿಂದಕ್ಕೆ ದೂಡುತ್ತದೆ. ಆ ನೀರು ಜೋರಾಗಿ ಓಡುತ್ತದೆ, ಒತ್ತಡ ಇಳಿಯುತ್ತದೆ, ಹಡಗು ಕೆಳಗೆ ಕುಸಿಯುತ್ತದೆ. ಸ್ಕ್ವಾಟ್ ಎಂದು ನೀನು ಪರೀಕ್ಷೆಯಲ್ಲಿ ಬರೆದಿದ್ದೀ. ನನಗೆ ಅದು ಮನಸ್ಸಿಗೆ ನಾಟಿದ್ದು ಒಂದು ಲೆಕ್ಕದಿಂದ. ಡೊಳ್ಳುಹೊಟ್ಟೆಯ ಕಲ್ಲಿದ್ದಲು ಹಡಗು ಇಕ್ಕಟ್ಟಿನ ಚಾನೆಲಿನಲ್ಲಿ 10 ನಾಟ್ ಓಡಿದರೆ ಸುಮಾರು 1.6 ಮೀಟರ್ ಕುಸಿಯುತ್ತದೆ. 5 ನಾಟ್‌ಗೆ ಇಳಿಸಿದರೆ 40 ಸೆಂ.ಮೀ. ವೇಗ ಅರ್ಧ, ಕುಸಿತ ಕಾಲು ಭಾಗ. 15 ಮೀಟರ್ ನೀರಿನಲ್ಲಿ 13 ಮೀಟರ್ ಡ್ರಾಫ್ಟ್ ಇದ್ದರೆ ಕೆಳಗೆ ಎರಡು ಮೀಟರ್ ಇದೆ ಎಂದುಕೊಂಡಿರುತ್ತೀಯಲ್ಲ, ಅವಸರ ಅದನ್ನು ಒಂದು ಮೊಳಕ್ಕೂ ಕಡಿಮೆ ಮಾಡಿಬಿಡುತ್ತದೆ. ಮಳೆಗಾಲದ ಅಲೆಯ ಕುಣಿತ ಬೇರೆ. 1992ರ ಆಗಸ್ಟಿನಲ್ಲಿ ಕ್ವೀನ್ ಎಲಿಜಬೆತ್ 2 ಎಂಬ ಹೆಸರಾಂತ ಹಡಗು ಅಮೆರಿಕದ ಕರಾವಳಿಯಲ್ಲಿ ಬಂಡೆಗೆ ತಾಗಿದ್ದು ಈ ಕುಸಿತವನ್ನು ಕಡಿಮೆ ಎಣಿಸಿದ್ದರಿಂದ, ಪೈಲಟ್ ಬ್ರಿಜ್ ಮೇಲೆ ಇದ್ದಾಗಲೇ.

ಹಾಗಂತ ತೀರ ನಿಧಾನಿಸಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ, ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳುತ್ತದೆ. 300 ಮೀಟರ್ ಉದ್ದದ ಕಂಟೇನರ್ ಹಡಗು ಗಾಳಿಗೆ ಐದೇ ಡಿಗ್ರಿ ಸೊಟ್ಟಾಗಿ ನಡೆದರೂ ತನ್ನ ಅಗಲಕ್ಕಿಂತ 26 ಮೀಟರ್ ಹೆಚ್ಚು ದಾರಿ ತಿನ್ನುತ್ತದೆ. ಒಂದು ಅಂಚಿಗೆ ಸರಿದೆಯೋ, ಹಿಂಭಾಗವನ್ನು ದಂಡೆ ಎಳೆದುಕೊಂಡು ಮೂತಿಯನ್ನು ಆಚೆ ದಬ್ಬುತ್ತದೆ. ಆಗ ಚುಕ್ಕಾಣಿ ಪೂರ್ತಿ ತಿರುಗಿಸಿ ಎಂಜಿನ್‌ಗೆ ಒಂದು ಸಣ್ಣ ಏಟು ಕೊಡು, ಕೂಡಲೇ ತಗ್ಗಿಸು. ಹಡಗು ತಿರುಗಬೇಕು, ಆದರೆ ವೇಗ ಏರಬಾರದು. ಮಾತಿನಲ್ಲಿ ಸುಲಭ. ಎಷ್ಟು ಏಟು, ಯಾವಾಗ ಎಂಬುದು ಅಂಗಾಲಿಗೆ ತಿಳಿಯುತ್ತದೆ, ನೂರು ಹಡಗು ಆದ ಮೇಲೆ. ಹಿರಿಯ ಪೈಲಟ್‌ಗಳ ಬೆನ್ನ ಹಿಂದೆ ನಿಂತು ಅವರ ಬಾಯಿಗಿಂತ ಅವರ ಕಾಲು, ಕಣ್ಣು ನೋಡು.

ಯಂತ್ರ ನಂಬು, ಆದರೆ ಅದು ಕೈಕೊಟ್ಟರೆ ಮುಂದಿನ ನಿಮಿಷ ಏನು ಮಾಡುವೆ ಎಂಬುದನ್ನು ಮೊದಲೇ ಯೋಚಿಸಿಟ್ಟಿರು. 2024ರ ಮಾರ್ಚ್ 26ರ ನಡುರಾತ್ರಿ ಬಾಲ್ಟಿಮೋರಿನಲ್ಲಿ ಡಾಲಿ ಹಡಗಿನ ದೀಪ ಆರಿದ್ದನ್ನು ನೀನು ಟಿವಿಯಲ್ಲಿ ನೋಡಿದ್ದೀ. ಹಡಗಿನ ಹುಡುಗರು ಹೆಚ್ಚಿನವರು ನಮ್ಮ ದೇಶದವರೇ. ತನಿಖೆ ಮುಗಿದಾಗ ಗೊತ್ತಾದದ್ದು, ಒಂದು ವೈರಿಗೆ ಹೆಸರಿನ ಪಟ್ಟಿ ತಪ್ಪಾಗಿ ಸುತ್ತಿದ್ದರಿಂದ ಅದು ಸರಿಯಾಗಿ ಒಳಗೆ ಕೂತಿರಲಿಲ್ಲ, ಸಡಿಲಾಗಿತ್ತು. ಅಷ್ಟಕ್ಕೆ ಕರೆಂಟು ಹೋಗಿ, ಹಡಗು ಸೇತುವೆಯ ಕಂಬಕ್ಕೆ ಬಡಿದು, ಇಡೀ ಸೇತುವೆ ಬಿತ್ತು. ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಮಂದಿ ಕೂಲಿಕಾರರು ಸತ್ತರು. ಆದರೆ ಅದರೊಳಗೇ ಇನ್ನೊಂದು ಇದೆ. ಪೈಲಟ್ ಲಂಗರು ಬಿಡಿಸಿದ, ಟಗ್ ಕರೆದ, ರೇಡಿಯೋದಲ್ಲಿ ಕೂಗಿದ. ಆ ಕೂಗಿನಿಂದ ಪೊಲೀಸರು ಎರಡೂ ಕಡೆ ಗಾಡಿ ನಿಲ್ಲಿಸಿದರು. ಆ ರಾತ್ರಿ ಸೇತುವೆ ದಾಟಬೇಕಿದ್ದವರು ಎಷ್ಟೋ ಮಂದಿ ಮನೆ ಸೇರಿದರು. ಟಗ್‌ಗಳು ಅಷ್ಟರಲ್ಲಿ ಹಡಗನ್ನು ಬಿಟ್ಟು ಹೋಗಿದ್ದವು. ಖರ್ಚು ಉಳಿಸಲು ಟಗ್ ಬೇಗ ಬಿಡು ಎಂದು ಏಜೆಂಟರು ಫೋನ್ ಮಾಡುತ್ತಾರೆ. ಇಕ್ಕಟ್ಟು ದಾಟುವವರೆಗೆ ಬಿಡಬೇಡ. ಲಂಗರಿನ ಹತ್ತಿರ ಆಳು ನಿಂತಿದ್ದಾನೋ ಇಲ್ಲವೋ, ಪ್ರತಿ ಸಲ ಕೇಳು.

ಇನ್ನು ನಿಮ್ಮಪ್ಪ ಅಂಜುವ ಆ ಏಣಿ. ಅವನ ಅಂಜಿಕೆ ಸುಳ್ಳಲ್ಲ. ದೋಣಿ ಅಲೆಯ ನೆತ್ತಿಗೆ ಏರಿದಾಗ ಏಣಿ ಹಿಡಿ. ಅದು ಕೆಳಗಿಳಿಯುವ ಹೊತ್ತಿಗೆ ನೀನು ಎರಡು ಮೂರು ಮೆಟ್ಟಿಲು ಮೇಲಿರಬೇಕು, ಇಲ್ಲದಿದ್ದರೆ ಮತ್ತೆ ಏರಿ ಬರುವ ದೋಣಿ ನಿನ್ನ ಕಾಲು ಜಜ್ಜುತ್ತದೆ. ಮೆಟ್ಟಿಲಿಗೆ ಕೈ ಹಾಕಬೇಡ, ಪಕ್ಕದ ಹಗ್ಗ ಹಿಡಿ. ಚೀಲ ಬೆನ್ನಿಗೆ ಹಾಕಿಕೊಳ್ಳಬೇಡ, ಹಗ್ಗ ಬಿಟ್ಟು ಮೇಲೆಳೆಯಲಿ. ನೀರಿನಿಂದ ಡೆಕ್ಕಿಗೆ 9 ಮೀಟರಿಗಿಂತ ಎತ್ತರ ಇದ್ದರೆ ಹಗ್ಗದ ಏಣಿಯೊಂದೇ ಸಾಲದು, ಹಡಗಿನ ಇಳಿಮೆಟ್ಟಿಲು ಜೋಡಿಸಿ ಕೊಡಬೇಕು, ಅದು ಕಾಯಿದೆ. ಮೆಟ್ಟಿಲು ಸೊಟ್ಟ ಕಂಡರೆ, ಹಗ್ಗ ಪಿಸಿದಿದ್ದರೆ, ಏಣಿಯನ್ನು ಕಟಾಂಜನಕ್ಕೆ ಸುತ್ತಿ ಕಟ್ಟಿದ್ದರೆ, ಹತ್ತಲಾರೆ ಎಂದು ದೋಣಿ ತಿರುಗಿಸು. ಹಡಗು ತಡವಾದರೆ ಆಗಲಿ. ನನ್ನ ಜೊತೆಯವನೊಬ್ಬ ಕ್ಯಾಪ್ಟನ್ ಮುಖ ನೋಡಿ ಸುಮ್ಮನೆ ಹತ್ತಿದ, ನಡುವೆ ಹಗ್ಗ ಹರಿಯಿತು. ಅವನ ಸೊಂಟ ಮತ್ತೆ ನೆಟ್ಟಗಾಗಲಿಲ್ಲ.

ಪಾರ್ಸಲ್‌ನಲ್ಲಿ ಕುಸುರೆಳ್ಳು, ಶೇಂಗಾ ಹೋಳಿಗೆ, ಅಗಸಿ ಚಟ್ನಿ ಇವೆ. ಅದರ ಕೆಳಗೆ ಒಂದು ಜೊತೆ ಕೈಗವಸು ಇಟ್ಟಿದ್ದೇನೆ, ಅಂಗೈ ಕಡೆ ಒರಟಾದದ್ದು, ಒದ್ದೆ ಹಗ್ಗಕ್ಕೆ ಜಾರುವುದಿಲ್ಲ. ಹಾಕಿ ನೋಡಿ ದೊಡ್ಡದಾದರೆ ತಿಳಿಸು, ಬದಲಿಸಿ ಕಳಿಸುತ್ತೇನೆ. ಸಡಿಲ ಇದ್ದರೆ ಹಾಕಿಕೊಳ್ಳಬೇಡ.

ಮೊದಲ ಹಡಗಿಗೆ ಹೋಗುವ ದಿನ ಅಪ್ಪನಿಗೆ ಮುಂಚೆ ಫೋನ್ ಮಾಡಬೇಡ, ದಿನವಿಡೀ ಉಣ್ಣದೆ ಕೂತಾನು. ದಂಡೆಗೆ ಬಂದ ಮೇಲೆ ಮಾಡು. ನನಗೆ ಮಾತ್ರ ಮುಂಚೆಯೇ ತಿಳಿಸು. ಹಡಗಿನ ಉದ್ದ ಎಷ್ಟು, ಡ್ರಾಫ್ಟ್ ಎಷ್ಟು, ಗಾಳಿ ಯಾವ ಕಡೆ, ಬ್ರಿಜ್ ಮೇಲೆ ಅತಿ ಕಿರಿಯವನು ಯಾರು, ಅವನು ಬಾಯಿ ಬಿಟ್ಟನೋ ಇಲ್ಲವೋ, ಎಲ್ಲ ಆಮೇಲೆ ಬರೆ.

ನಿನ್ನ ಕಾಕಾ