ಶುಕ್ರವಾರದ ಸಿನಿಮಾ, ಸೋಮವಾರದ ಶೋ

ಗೆಳೆಯರೇ, ಶನಿವಾರ ಬೆಳಿಗ್ಗೆಯೇ ಸಿನಿಮಾ ‘ಇಷ್ಟು ಕೋಟಿ’ ಗಳಿಸಿತು ಅನ್ನೋ ಪೋಸ್ಟರ್ ಗುಂಪಿಗೆ ಹಾಕಬೇಡಿ. ಬಹಳ ಸಲ ಅದು ಗ್ರಾಸ್ ಲೆಕ್ಕ, ಅಂದರೆ ಟಿಕೆಟ್ ಮಾರಿ ಬಂದ ಒಟ್ಟು ಹಣ, ಜಿಎಸ್‌ಟಿ ಸೇರಿರುತ್ತದೆ. ಈಗ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ. 5, ಜಾಸ್ತಿಯಾದರೆ ಶೇ. 18. ತೆರಿಗೆ ಕಳೆದರೆ ನೆಟ್. ಥಿಯೇಟರ್ ಪಾಲೂ ಕಳೆದು ಸಿನಿಮಾದವರಿಗೆ ಉಳಿಯೋದು ಶೇರ್.

ನಮ್ಮ ಬೆಳಗಾವಿಯಲ್ಲಿ ಕನ್ನಡ ಸಿನಿಮಾ ಹಿಂದಿ, ಮರಾಠಿ ಸಿನಿಮಾಗಳ ಜೊತೆ ಪರದೆ ಹಂಚಿಕೊಳ್ಳಬೇಕು, ಅಲ್ವಾ? ಇಲ್ಲಿ ಶೋ ಉಳಿಸೋದು ಪೋಸ್ಟರ್ ಅಲ್ಲ, ತುಂಬಿದ ಸೀಟು: ಮೊದಲ ಮೂರು ದಿನ ಸೀಟು ಖಾಲಿ ಇದ್ದರೆ ಸೋಮವಾರದಿಂದ ಶೋ ಕಡಿಮೆ. ಹೋದ ತಿಂಗಳು ಭಾನುವಾರ ಸಂಜೆ ಒಂದು ಒಳ್ಳೆ ಸಿನಿಮಾಕ್ಕೆ ನಾವು ಹನ್ನೊಂದೇ ಜನ ಇದ್ದೆವು. ಮಂಗಳವಾರ ಅಮ್ಮನನ್ನು ಕರ್ಕೊಂಡು ಹೋದರೆ ಆ ಸಿನಿಮಾನೇ ಇಲ್ಲ! ಹೊಟ್ಟೆ ಉರಿಯಿತು.

ನೋಡೋದಾದರೆ ಭಾನುವಾರದೊಳಗೇ ನೋಡಿ. ಹಾಲ್ ಎಷ್ಟು ತುಂಬಿತ್ತು ಅಂತ ಇಲ್ಲಿ ಒಂದು ಸಾಲು ಬರೆಯಿರಿ.