ಹೊಳೆಯ ಮೇಲೆ ಓದಿದ ಪತ್ರ

ಬ್ರಿಸ್ಬೇನ್
ಡಿಸೆಂಬರ್ 2025

ಅಮ್ಮನಿಗೆ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಗೌರಿ ಹೆಣ್ಣುಕರು ಹಾಕಿದ್ದು ತಿಳಿದು ಸಂತೋಷವಾಯಿತು.

ಅಣ್ಣ ನಿನ್ನ ಪತ್ರದ ಫೋಟೊ ತೆಗೆದು ಮೊಬೈಲಿಗೆ ಕಳಿಸಿದ್ದ. ತೋಟದ ದರೆ ಹತ್ತುವಾಗ ಅಪ್ಪಯ್ಯನಿಗೆ ಎದೆ ಹಿಡಿದಂತಾಗುತ್ತದೆ ಎಂಬ ಸಾಲನ್ನು ಅಡಿಕೆ ದರಕ್ಕೂ ಗೌರಿಯ ಕರುವಿಗೂ ನಡುವೆ ತುರುಕಿದ್ದೀಯಲ್ಲ, ಅಲ್ಲಿಟ್ಟರೆ ನನಗೆ ಕಾಣುವುದಿಲ್ಲ ಎಂದುಕೊಂಡೆಯಾ? ಫೋನಿನಲ್ಲಿ ಕೇಳೋಣವೆಂದರೆ ಅಪ್ಪಯ್ಯನೇ ಎತ್ತಿ, ‘ಎಲ್ಲ ಆರಾಮ’ ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರ ಓದಿದ್ದು ಶನಿವಾರ, ದೋಣಿಯಲ್ಲಿ. ಬೆಳಗಿನಿಂದ ಹಿಡಿದ ಮಳೆ, ಇವರಿಗೆ ಕೆಲಸ, ಒಬ್ಬಳೇ ಕೂರಲಾರದೆ ಹೊಳೆಗೆ ಹೋದೆ. ದೋಣಿಗೆ ಸಿಟಿಕ್ಯಾಟ್ ಎಂದು ಹೆಸರು. ಜೋಡಿ ಹೊಟ್ಟೆಯ ದೋಣಿ, ಸಿಟಿ ಬಸ್ಸಿನ ಹಾಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಓಡುತ್ತದೆ. ಹ್ಯಾಮಿಲ್ಟನ್ನಿನಿಂದ ಆ ತುದಿಯ ವಿಶ್ವವಿದ್ಯಾಲಯದವರೆಗೆ ಎಲ್ಲಿ ಇಳಿದರೂ 50 ಸೆಂಟ್, ನಮ್ಮ ಸುಮಾರು 30 ರೂಪಾಯಿ. ಬೆಂಗಳೂರಿನಲ್ಲಿ ಆಟೊ ಹತ್ತಿ ಕೂರುವುದಕ್ಕೇ 36! ದುಡ್ಡು ಪೋಲು ಮಾಡುತ್ತೇನೆ ಎನ್ನಬೇಡ. ಇಲ್ಲಿಯ ಜನ ಮಳೆಯಲ್ಲೂ ಚಡ್ಡಿ ಹಾಕಿಕೊಂಡು ಆರಾಮವಾಗಿ ಹತ್ತುತ್ತಾರೆ. ಕೊಡೆ ಬಿಡಿಸಿದವಳು ನಾನೊಬ್ಬಳೇ. ಹೊಳೆಗೆ ‘ಕಂದು ಹಾವು’ ಎಂದು ಅವರೇ ಅಡ್ಡಹೆಸರು ಇಟ್ಟಿದ್ದಾರೆ; ಬಣ್ಣವೂ ಹಾಗೆಯೇ, ಅಂಕುಡೊಂಕೂ ಹಾಗೆಯೇ.

ದೋಣಿಯ ಮುಂದಿನ ತೆರೆದ ಜಾಗದಲ್ಲಿ ನಿಂತಿದ್ದೆ. 1940ರ ಸ್ಟೋರಿ ಬ್ರಿಜ್ ಎಂಬ ದೊಡ್ಡ ಕಬ್ಬಿಣದ ಸೇತುವೆಯ ಅಡಿ ಹೋಗುವಾಗ ಮಳೆ ಕತ್ತರಿಸಿದಂತೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೆ. ಆಚೆ ಬರುತ್ತಿದ್ದಂತೆ ಮತ್ತೆ ಮುಖಕ್ಕೆ ರಾಚಿತು. ನಿಲ್ದಾಣ ಬಂದಾಗ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಗೂಟಕ್ಕೆ ಹಗ್ಗ ಸುತ್ತಿ, ಹಲಗೆಯನ್ನು ಧಡ್ ಎಂದು ಇಳಿಸಿದಳು. ಆ ಸದ್ದಿಗೆ ನನಗೆ ನಮ್ಮ ಶರಾವತಿ ಹಿನ್ನೀರಿನ ಕಳಸವಳ್ಳಿಯೇ ಕಣ್ಣಮುಂದೆ ಬಂತು: ಬಸ್ಸು ಹಿಂದೆ ಸರಿದು ಲಾಂಚ್ ಹತ್ತುವುದು, ಅಪ್ಪಯ್ಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುವುದು.

ಜುಲೈ 14ರಂದು ಅಲ್ಲಿಯ ಸೇತುವೆ ಉದ್ಘಾಟನೆಯಾದಾಗ, ಇನ್ನು ಲಾಂಚ್ ಇಲ್ಲವಲ್ಲ ಎಂದು ಇಲ್ಲಿ ಕುಳಿತು ಅತ್ತವಳು ನಾನು. ಈಗ ಆ ಸೇತುವೆಗೆ ಕೈಮುಗಿಯುತ್ತೇನೆ. ಮೊದಲಾದರೆ ಆಸ್ಪತ್ರೆಗೆ ಹೋಗದಿರಲು, ಕತ್ತಲಾದ ಮೇಲೆ ಲಾಂಚ್ ಇಲ್ಲ, ಸುತ್ತುದಾರಿಯೇ ಗತಿ ಎಂಬ ನೆಪವಾದರೂ ಇತ್ತು. ಈಗ ಏನು ನೆಪ? ಅಡಿಕೆಯ ಕೊನೆಕೊಯ್ಲು ಮುಗಿಯಲಿ ಎನ್ನುತ್ತಾರೆ ಅಪ್ಪಯ್ಯ ಎಂದು ಬರೆದಿದ್ದೀಯೆ. ಕೊಯ್ಯುವವನು ಮರ ಹತ್ತುವ ಕೊನೆಗಾರ, ಅಪ್ಪಯ್ಯ ಅಲ್ಲ. ಅಂಗಳದಲ್ಲಿ ಅಡಿಕೆ ಸುಲಿಸಲು ಅಣ್ಣನಿದ್ದಾನೆ. ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸಲು ಅವರೇ ದರೆ ಹತ್ತಿ ಇಳಿಯಬೇಕೆಂದೇನೂ ಇಲ್ಲ. ಸೋಮವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ನಡುವೆ ನೋವು ಬಂದರೆ ಸೋಮವಾರಕ್ಕೂ ಕಾಯಬೇಡಿ. ಅಣ್ಣನ ಖಾತೆಗೆ ಹಣ ಹಾಕಿದ್ದೇನೆ. ಅದು ಆಸ್ಪತ್ರೆಗೆ, ಕೊಟ್ಟಿಗೆಯ ಹಂಚಿಗಲ್ಲ.

ಏನೂ ಆಗುವುದಿಲ್ಲ. ಹೆದರಬೇಡ. ನಾನೂ ಹೆದರಿಲ್ಲ, ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೇನೆ. ಆ ದಿನ ಮಳೆಯಲ್ಲಿ ನೆನೆಯಲೂ ಇಲ್ಲ. ಸ್ವಲ್ಪ ನೆನೆದೆ, ಆದರೆ ಶೀತವಾಗಿಲ್ಲ. ಊಟ ಸರಿಯಾಗಿದೆ, ನೀನು ಕೊಟ್ಟ ಅಪ್ಪೆಮಿಡಿ ಇನ್ನೂ ಅರ್ಧ ಭರಣಿ ಇದೆ.

ಕುಕ್ಕರ್ ಮೂರನೇ ಸೀಟಿ ಹೊಡೆಯಿತು, ನಿಲ್ಲಿಸುತ್ತೇನೆ. ಇದನ್ನು ಅಪ್ಪಯ್ಯನಿಗೆ ಓದಿ ಹೇಳು. ದರೆಯ ಸಾಲನ್ನೂ ಬಿಡದೆ ಓದು. ಸೋಮವಾರ ಸಂಜೆ ಫೋನ್ ಮಾಡುತ್ತೇನೆ, ನೀನೇ ಎತ್ತು.

ಇಂತಿ ನಿನ್ನ ಮಗಳು